ಸೂಲಗಿತ್ತಿ

ಬೇನೆ ಶುರುವಾದಾಗಿನಿಂದ ಮಾಸು ಬೀಳುವವರೆಗೂ ಬಸುರಿಯ ಜೊತೆಗಿದ್ದು ಹೆರಿಗೆ ಮಾಡಿಸುವವಳು. ಕರ್ನಾಟಕದ ಹಳ್ಳಿಗಳಲ್ಲಿ ಈ ವಿದ್ಯೆ ಹೆಚ್ಚಾಗಿ ಮನೆಯ ಹಿರಿಯ ಹೆಂಗಸರಿಂದ ಕಿರಿಯರಿಗೆ ಬಂದದ್ದು. ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ತಲೆ ಎತ್ತ ಇದೆಯೆಂದು ಅವಳು ತಿಳಿಯುತ್ತಾಳೆ. ನೋವು ಬಂದಾಗ ಸೊಂಟ ನೀವುತ್ತಾಳೆ, ಅದು ನಿಂತಾಗ ಎಬ್ಬಿಸಿ ಅಡ್ಡಾಡಿಸುತ್ತಾಳೆ, ಗಂಜಿ ಕುಡಿಸುತ್ತಾಳೆ. ಯಾವಾಗ ಮುಕ್ಕಬೇಕು, ಯಾವಾಗ ತಡೆಯಬೇಕು ಎಂದು ಹೇಳಿಕೊಡುತ್ತಾಳೆ. ಎಲ್ಲಕ್ಕಿಂತ ದೊಡ್ಡದು, ಅವಳು ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ (1920–2018) ಸುಮಾರು ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರೆಂದು ಪ್ರಸಿದ್ಧರು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು.

ವಿಪರೀತ ರಕ್ತಸ್ರಾವ, ನಂಜು, ಅಡ್ಡಗಟ್ಟಿದ ಮಗು ಇವು ಸೂಲಗಿತ್ತಿಯ ಕೈಚಳಕಕ್ಕೆ ನಿಲುಕುವಂಥವಲ್ಲ. ಅಲ್ಲಿ ಆಸ್ಪತ್ರೆಯೇ ಬೇಕು. ಆದರೆ ಆಸ್ಪತ್ರೆಗೆ ಬಂದ ಹೆಣ್ಣಿಗೆ ಸೂಲಗಿತ್ತಿ ಕೊಡುವಂಥ ಒತ್ತಾಸೆ ತಪ್ಪಬಾರದು. ಹೆರಿಗೆಯುದ್ದಕ್ಕೂ ತಾಯಿಗೆ ಮೆಚ್ಚಿನವರೊಬ್ಬರು ಜೊತೆಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ನರ್ಸ್‌ಗಳಿಗೆ ಸೂಲಗಿತ್ತಿಯ ಕೆಲಸದಲ್ಲಿ ವಿಶೇಷ ತರಬೇತಿ ಕೊಡುವ ಮಾರ್ಗಸೂಚಿಯನ್ನು ಭಾರತ ಸರ್ಕಾರ 2018ರಲ್ಲಿ ಹೊರಡಿಸಿತು.