ನರೋಡಾದಿಂದ ಸೂರತ್‌ವರೆಗೆ: ಓದಲೇಬೇಕಾದ ಕಾದಂಬರಿಗಳು, ಬದುಕು ತಿದ್ದುವ ಪುಸ್ತಕಗಳು

ಅಹಮದಾಬಾದ್‌ನ ನರೋಡಾ ಎಂದ ಕೂಡಲೇ ನೆನಪಾಗುವುದು ಅಲ್ಲಿನ ಜಿಐಡಿಸಿ ಕೈಗಾರಿಕಾ ಪ್ರದೇಶ. ಪಾಳಿ ಮುಗಿಸಿ ಮನೆಗೆ ಬಂದವರಿಗೆ ದಪ್ಪ ಪುಸ್ತಕ ಹಿಡಿದು ಕೂರುವಷ್ಟು ಪುರುಸೊತ್ತು ಇರುವುದಿಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟು ಅಹಮದಾಬಾದ್, ವಡೋದರಾ, ಸೂರತ್ ಸೇರಿದ ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ಪಕ್ಕದ ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ, ಸುತ್ತಲಿನ ಗುಜರಾತಿ ಪುಸ್ತಕಗಳ ಪರಿಚಯ ಇರುವುದಿಲ್ಲ. ಕೊನೆಗೆ ರೈಲ್ವೆ ನಿಲ್ದಾಣದಲ್ಲಿ ಕಂಡ 'ಯಶಸ್ಸಿನ ಸೂತ್ರ'ದ ಪುಸ್ತಕವೊಂದನ್ನು ಕೊಂಡು, ಮೂವತ್ತು ಪುಟ ಓದಿ ಮಡಚಿಡುವುದೇ ಆಗುತ್ತದೆ.

ಆದರೆ ಗುಜರಾತಿನ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕಗಳಲ್ಲಿ ಹಲವು ಬಿಡುವಿಲ್ಲದವರಿಗಾಗಿಯೇ, ವಾರಕ್ಕೊಂದು ಕಂತಿನಂತೆ ಬಂದವು. ಕನ್ನಡದ ಜನಪ್ರಿಯ ಕಾದಂಬರಿಗಳೂ ವಾರಪತ್ರಿಕೆಗಳ ಧಾರಾವಾಹಿಗಳಿಂದಲೇ ಮನೆಮನೆಗೆ ತಲುಪಿದವು. ಕಂತಿನಲ್ಲಿ ಬಂದದ್ದನ್ನು ಕಂತಿನಲ್ಲೇ ಓದಬಹುದು. ಹಾಗೆ ಓದಬಹುದಾದ, ಓದಿದ ಮೇಲೂ ಮನಸ್ಸಿನಲ್ಲಿ ಉಳಿಯುವ ಕೆಲವು ಗುಜರಾತಿ ಮತ್ತು ಕನ್ನಡ ಪುಸ್ತಕಗಳ ಪರಿಚಯ ಇಲ್ಲಿದೆ.

ವಾರಪತ್ರಿಕೆಯಲ್ಲಿ ಬಂದ ಆತ್ಮಕಥೆ

ವ್ಯಕ್ತಿತ್ವ ವಿಕಸನದ ಪುಸ್ತಕಗಳ ಸಾಲಿನಲ್ಲಿ ಗಾಂಧೀಜಿಯವರ ಆತ್ಮಕಥೆಯನ್ನು ಇಡುವವರು ಕಡಿಮೆ. ವಾಸ್ತವವಾಗಿ ಆ ಸಾಲಿನ ಮೊದಲ ಪುಸ್ತಕ ಅದೇ ಆಗಬೇಕು. 1925ರ ಕೊನೆಯಿಂದ 1929ರ ಆರಂಭದವರೆಗೆ 'ನವಜೀವನ' ವಾರಪತ್ರಿಕೆಯಲ್ಲಿ ಇದು ಗುಜರಾತಿಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಒಟ್ಟು 160ಕ್ಕೂ ಹೆಚ್ಚು ಅಧ್ಯಾಯಗಳಿದ್ದು, ಹೆಚ್ಚಿನವು ಎರಡು-ಮೂರು ಪುಟಗಳಷ್ಟೇ. ದಿನಕ್ಕೊಂದು ಅಧ್ಯಾಯ ಓದಿದರೂ ಆರು ತಿಂಗಳೊಳಗೆ ಪುಸ್ತಕ ಮುಗಿಯುತ್ತದೆ.

ಇದರಲ್ಲಿ ಉಪದೇಶಕ್ಕಿಂತ ಲೆಕ್ಕಪತ್ರವೇ ಹೆಚ್ಚು. ಅಣ್ಣ ಮಾಡಿದ್ದ ಸುಮಾರು 25 ರೂಪಾಯಿ ಸಾಲ ತೀರಿಸಲು ಅವನ ತೋಳಿನ ಚಿನ್ನದ ಕಡಗದಿಂದ ಚೂರು ಕತ್ತರಿಸಿದ ಹುಡುಗ, ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ತಪ್ಪೊಪ್ಪಿಗೆಯ ಚೀಟಿ ಕೊಡುತ್ತಾನೆ. ತಂದೆ ಬೈಯಲಿಲ್ಲ, ಹೊಡೆಯಲಿಲ್ಲ. ಅವರ ಕಣ್ಣೀರಿಗೆ ಚೀಟಿ ಒದ್ದೆಯಾಯಿತು, ಅದನ್ನು ಹರಿದು ಹಾಕಿದರು. ಲಂಡನ್ನಿನಲ್ಲಿ ಓದುವಾಗ ಖರ್ಚಾದ ಪ್ರತಿ ಕಾಸಿಗೂ ಲೆಕ್ಕ ಬರೆದಿಟ್ಟದ್ದು, ಬಾಡಿಗೆ ಉಳಿಸಲು ದಿನವೂ ಮೈಲುಗಟ್ಟಲೆ ನಡೆದದ್ದು ಕೂಡ ಇದೇ ಪುಸ್ತಕದಲ್ಲಿ ಬರುತ್ತದೆ. ಹಣ ಉಳಿತಾಯದ ಬಗ್ಗೆ ಇವತ್ತು ಮಾರಾಟವಾಗುವ ಎಷ್ಟೋ ಪುಸ್ತಕಗಳ ಸಾರ ಆ ಒಂದು ಅಧ್ಯಾಯದಲ್ಲೇ ಸಿಗುತ್ತದೆ.

ಒಂದು ಪುಸ್ತಕ ಮನುಷ್ಯನನ್ನು ಬದಲಿಸಬಲ್ಲದೇ ಎಂಬ ಪ್ರಶ್ನೆಗೂ ಇಲ್ಲಿ ಉತ್ತರವಿದೆ. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟಾಗ ಗೆಳೆಯ ಪೋಲಾಕ್ ಕೊಟ್ಟ ರಸ್ಕಿನ್‌ನ 'ಅನ್‌ಟು ದಿಸ್ ಲಾಸ್ಟ್' ಪುಸ್ತಕವನ್ನು ಗಾಂಧೀಜಿ ರೈಲಿನಲ್ಲೇ ಓದಿ ಮುಗಿಸಿದರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ಮೈಮುರಿದು ದುಡಿಯುವ ಬದುಕೇ ಸಾರ್ಥಕ ಎಂಬ ತಿಳಿವು ಅದರಿಂದ ಬಂತು. ಅದೇ ವರ್ಷ ಫೀನಿಕ್ಸ್ ಆಶ್ರಮ ಶುರುವಾಯಿತು. 1908ರಲ್ಲಿ ಆ ಪುಸ್ತಕದ ಸಾರವನ್ನು 'ಸರ್ವೋದಯ' ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರು. ಓದಿದ್ದು ಒಂದೇ ಪ್ರಯಾಣದಲ್ಲಿ. ಅದನ್ನು ಜಾರಿಗೆ ತರಲು ಜೀವಮಾನವೇ ಬೇಕಾಯಿತು.

ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಗಾಂಧೀಜಿ 1920ರಲ್ಲಿ ಅಹಮದಾಬಾದ್‌ನಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಓದಿದವರು ಅವರು. ಅಹಮದಾಬಾದ್‌ನ ನವಜೀವನ ಪ್ರಕಾಶನ ಈ ಪುಸ್ತಕವನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಕಡಿಮೆ ಬೆಲೆಗೆ ಒದಗಿಸುತ್ತ ಬಂದಿದೆ.

ಮೀಟರ್ ಓದುತ್ತಿದ್ದವರಿಗೆ ಜ್ಞಾನಪೀಠ

ಕಾರ್ಖಾನೆ, ಕಚೇರಿಯ ದುಡಿಮೆಯ ನಡುವೆ ಓದುವವರಿಗೆ ಹತ್ತಿರವಾಗುವ ಲೇಖಕ ಪನ್ನಾಲಾಲ್ ಪಟೇಲ್. 1912ರಲ್ಲಿ ಡುಂಗರ್‌ಪುರದ ಮಾಂಡಲಿ ಹಳ್ಳಿಯಲ್ಲಿ ಹುಟ್ಟಿದ ಇವರಿಗೆ ಹೆಚ್ಚಿನ ಶಾಲಾ ಶಿಕ್ಷಣ ದಕ್ಕಲಿಲ್ಲ. ಅಹಮದಾಬಾದ್‌ನ ವಿದ್ಯುತ್ ಕಂಪನಿಯಲ್ಲಿ ಸಣ್ಣ ಕೆಲಸ, ಆಮೇಲೆ ಮನೆಮನೆಯ ಮೀಟರ್ ಓದುವ ಕೆಲಸ ಮಾಡಿದರು. ಬಾಲ್ಯದಲ್ಲಿ ಈಡರ್ ಶಾಲೆಯಲ್ಲಿ ಜೊತೆಗಿದ್ದ ಕವಿ ಉಮಾಶಂಕರ ಜೋಶಿಯವರೇ ಮುಂದೆ ಅವರನ್ನು ಬರವಣಿಗೆಗೆ ಎಳೆದರು. ಈ ಉಮಾಶಂಕರ ಜೋಶಿ ಕನ್ನಡಿಗರಿಗೂ ಗೊತ್ತಿರಬೇಕಾದ ಹೆಸರು. 1967ರ ಜ್ಞಾನಪೀಠವನ್ನು ಕುವೆಂಪು ಅವರೊಂದಿಗೆ ಹಂಚಿಕೊಂಡವರು ಅವರೇ.

ಪನ್ನಾಲಾಲ್ ಅವರ 'ಮಾನವೀನಿ ಭವಾಯಿ' 1947ರಲ್ಲಿ ಬಂತು. ಕಾಲು ಮತ್ತು ರಾಜು ಎಂಬ ಇಬ್ಬರ ಕೈಗೂಡದ ಪ್ರೀತಿಯ ಕಥೆ ಇದು. ಹಿನ್ನೆಲೆಯಲ್ಲಿರುವುದು ವಿಕ್ರಮ ಸಂವತ್ಸರ 1956ರ, ಅಂದರೆ 1899-1900ರ 'ಛಪ್ಪನಿಯೋ' ಬರಗಾಲ. ಹೊಟ್ಟೆಗಿಲ್ಲದೆ ಸಾಯುವುದಕ್ಕಿಂತಲೂ ದಾನದ ಧಾನ್ಯಕ್ಕಾಗಿ ಕೈ ಚಾಚುವುದು ರೈತನಿಗೆ ಎಷ್ಟು ಕಷ್ಟ ಎಂಬುದನ್ನು ಈ ಕಾದಂಬರಿ ಕಣ್ಣಿಗೆ ಕಟ್ಟಿಸುತ್ತದೆ. ಪನ್ನಾಲಾಲ್ ಅವರಿಗೆ 1985ರ ಜ್ಞಾನಪೀಠ ಬಂತು. ಕಾದಂಬರಿ ಹಿಂದಿ ಮತ್ತು ಇಂಗ್ಲಿಷ್ ಅನುವಾದಗಳಲ್ಲಿ ಸಿಗುತ್ತದೆ.

ಓದುತ್ತ ಕೂತರೆ ಎದ್ದೇಳಲಾಗದ ಕಥೆ ಬೇಕೆನ್ನುವವರಿಗೆ ಅಹಮದಾಬಾದ್‌ನವರೇ ಆದ ಅಶ್ವಿನಿ ಭಟ್ ಇದ್ದಾರೆ. 'ಆಶ್ಕಾ ಮಾಂಡಲ್', 'ಓಥಾರ್', 'ಫಾಂಸಲೋ' ಮುಂತಾದ ರೋಚಕ ಕಾದಂಬರಿಗಳಿಂದ ಅವರು ಗುಜರಾತಿ ಓದುಗರನ್ನು ಹಿಡಿದಿಟ್ಟರು. ಅಲಿಸ್ಟೇರ್ ಮ್ಯಾಕ್ಲೀನ್ ಕಾದಂಬರಿಗಳನ್ನು ಗುಜರಾತಿಗೆ ತಂದವರೂ ಅವರೇ.

ವಡೋದರಾ: ಭೈರಪ್ಪನವರ ಗುಜರಾತ್ ನಂಟು

ಕನ್ನಡದ ಅತ್ಯಂತ ಜನಪ್ರಿಯ ಕಾದಂಬರಿಕಾರ ಎಸ್.ಎಲ್. ಭೈರಪ್ಪ ಅವರಿಗೂ ಗುಜರಾತಿಗೂ ಹಳೆಯ ನಂಟು. ಅಹಮದಾಬಾದ್ ಮತ್ತು ವಡೋದರಾ ನಡುವೆ, ಆನಂದ್ ಪಟ್ಟಣಕ್ಕೆ ಅಂಟಿಕೊಂಡಿರುವ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿ ಅವರು ತತ್ತ್ವಶಾಸ್ತ್ರ ಬೋಧಿಸಿದರು. 'ಸತ್ಯ ಮತ್ತು ಸೌಂದರ್ಯ' ಕುರಿತ ಪಿಎಚ್‌ಡಿ ಪಡೆದದ್ದು ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಿಂದ.

ಅವರನ್ನು ಹೊಸದಾಗಿ ಓದುವವರು 'ವಂಶವೃಕ್ಷ' (1965) ಅಥವಾ 'ಗೃಹಭಂಗ'ದಿಂದ (1970) ಶುರು ಮಾಡಬಹುದು. 'ಪರ್ವ' (1979) ದೊಡ್ಡದು, ಅದಕ್ಕೆ ರಜೆಯ ದಿನಗಳು ಬೇಕು. ಸ್ವಂತ ಬದುಕಿನ ದಾರಿ ಹುಡುಕುತ್ತಿರುವ ಯುವಕರಿಗೆ ಮಾತ್ರ ಆತ್ಮವೃತ್ತಾಂತ 'ಭಿತ್ತಿ'ಯೇ (1996) ಮೊದಲ ಆಯ್ಕೆ. ಪ್ಲೇಗಿಗೆ ಮನೆಯವರನ್ನು ಕಳೆದುಕೊಂಡ ಹುಡುಗ, ಸಿಕ್ಕ ಸಣ್ಣಪುಟ್ಟ ಕೆಲಸ ಮಾಡುತ್ತ, ಅನ್ನಕ್ಕಾಗಿ ಅಲೆದು ಓದು ಮುಂದುವರಿಸಿದ ಕಥೆ ಇದು. ಗುಜರಾತಿನ ಅಧ್ಯಾಪನದ ದಿನಗಳೂ ಇದರಲ್ಲಿ ಬರುತ್ತವೆ. 'ನೀನು ಮಾಡಬಲ್ಲೆ' ಎಂದು ಇದರಲ್ಲಿ ಎಲ್ಲೂ ಬೆನ್ನು ತಟ್ಟುವುದಿಲ್ಲ. ಆದರೂ ಪುಸ್ತಕ ಮುಚ್ಚಿದಾಗ ಓದುಗನ ಬೆನ್ನು ನೇರವಾಗಿರುತ್ತದೆ.

ವಡೋದರಾಕ್ಕೆ ಪುಸ್ತಕ ಪ್ರೀತಿಯ ಇನ್ನೊಂದು ಪರಂಪರೆಯೂ ಇದೆ. ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿ, ಸಂಸ್ಥಾನದಾದ್ಯಂತ ಸಾರ್ವಜನಿಕ ಗ್ರಂಥಾಲಯಗಳನ್ನು ಕಟ್ಟಿಸಿದರು. ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವ ಸಂಚಾರಿ ಗ್ರಂಥಾಲಯವೂ ಇತ್ತು. ಆಗ ಆರಂಭವಾದ ಕೇಂದ್ರ ಗ್ರಂಥಾಲಯ ಇಂದಿಗೂ ಓದುಗರಿಗೆ ತೆರೆದಿದೆ.

ಸೂರತ್: ಗುಜರಾತಿಯ ಮೊದಲ ಕಾದಂಬರಿಯ ಊರು

ವಜ್ರ ಮತ್ತು ಸೀರೆಗೆ ಹೆಸರಾದ ಸೂರತ್ ಗುಜರಾತಿಯ ಮೊದಲ ಕಾದಂಬರಿಯ ಊರೂ ಹೌದು. ಅಲ್ಲಿನ ಶಾಲಾ ಮುಖ್ಯೋಪಾಧ್ಯಾಯರಾಗಿದ್ದ ನಂದಶಂಕರ ಮೆಹ್ತಾ 1866ರಲ್ಲಿ 'ಕರಣ್ ಘೇಲೋ' ಪ್ರಕಟಿಸಿದರು. 'ಘೇಲೋ' ಎಂದರೆ ಹುಚ್ಚ. ಮಂತ್ರಿಯ ಹೆಂಡತಿಯನ್ನು ಅಪಹರಿಸಿದ ದೊರೆ, ಸೇಡಿಗಾಗಿ ದೆಹಲಿಯ ಸುಲ್ತಾನನ ಬಾಗಿಲು ತಟ್ಟಿದ ಮಂತ್ರಿ, ಇಬ್ಬರ ಜಿದ್ದಿಗೆ ಬಲಿಯಾದ ರಾಜ್ಯ — ಇದು ಗುಜರಾತಿನ ಕೊನೆಯ ವಾಘೇಲಾ ದೊರೆಯ ಕಥೆ. ಇಂಗ್ಲಿಷ್ ಅನುವಾದ ಲಭ್ಯವಿದೆ.

ಇದನ್ನು ಓದಿದವರು ತ.ರಾ. ಸುಬ್ಬರಾಯರ 'ದುರ್ಗಾಸ್ತಮಾನ'ವನ್ನು (1982) ಪಕ್ಕದಲ್ಲಿಟ್ಟು ನೋಡಬೇಕು. ಚಿತ್ರದುರ್ಗದ ಮದಕರಿನಾಯಕನ ಪತನದ ಕಥೆಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೋಟೆ ಬೀಳುವ ಮೊದಲೇ ಒಳಗಿನ ನಂಬಿಕೆ ಬಿದ್ದಿರುತ್ತದೆ ಎಂಬುದು ಎರಡೂ ಕಾದಂಬರಿಗಳನ್ನು ಓದಿದವರಿಗೆ ಹೊಳೆಯುತ್ತದೆ.

ಮಹಿಳೆಯರ ಮನಸ್ಸು ಬರೆದ ಕಾದಂಬರಿಗಳು

ಕುಂದನಿಕಾ ಕಾಪಡಿಯಾ ಅವರ 'ಸಾತ್ ಪಗಲಾಂ ಆಕಾಶಮಾಂ' (1984) ಗುಜರಾತಿ ಮನೆಗಳಲ್ಲಿ ಚರ್ಚೆ ಎಬ್ಬಿಸಿದ ಕಾದಂಬರಿ. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇಲ್ಲದ ಗೃಹಿಣಿ ವಸುಧಾ, ಈ ಮನೆಯಲ್ಲಿ ತನ್ನ ಮಾತಿಗೆ ಜಾಗ ಎಲ್ಲಿದೆ ಎಂದು ಕೇಳತೊಡಗುತ್ತಾಳೆ. 1985ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿ ಇಂಗ್ಲಿಷ್‌ನಲ್ಲೂ ಇದೆ.

ಕನ್ನಡದಲ್ಲಿ ತ್ರಿವೇಣಿ ಮತ್ತು ಎಂ.ಕೆ. ಇಂದಿರಾ ಅವರದು ಇದೇ ದಾರಿ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 'ಶರಪಂಜರ'ದಲ್ಲಿ, ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಸುತ್ತಲಿನವರೇ ಮತ್ತೆ ಕಾಯಿಲೆಗೆ ತಳ್ಳುವುದನ್ನು ಬರೆದರು. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದ ಬಳಲುತ್ತಿದ್ದರೆ ಅವರ ಜೊತೆ ಹೇಗೆ ನಡೆದುಕೊಳ್ಳಬಾರದು ಎಂಬುದನ್ನು ಯಾವ ಕೈಪಿಡಿಗಿಂತಲೂ ಚೆನ್ನಾಗಿ ಈ ಕಾದಂಬರಿ ಕಲಿಸುತ್ತದೆ. ಇಂದಿರಾ ಅವರ 'ಫಣಿಯಮ್ಮ' (1976) ಚಿಕ್ಕ ಪುಸ್ತಕ. ಬಾಲವಿಧವೆಯೊಬ್ಬಳು ಕಹಿಯಾಗದೆ ಬದುಕಿದ ಕಥೆ.

ಕನ್ನಡದ ವ್ಯಕ್ತಿತ್ವ ವಿಕಸನ ಪುಸ್ತಕಗಳು

*ಬದುಕಲು ಕಲಿಯಿರಿ:* ರಾಮಕೃಷ್ಣ ಆಶ್ರಮದ ಸ್ವಾಮಿ ಜಗದಾತ್ಮಾನಂದರ ಈ ಪುಸ್ತಕ ಕರ್ನಾಟಕದ ವಿದ್ಯಾರ್ಥಿಗಳು ಬಹುಮಾನವಾಗಿಯೂ ಉಡುಗೊರೆಯಾಗಿಯೂ ಪಡೆಯುತ್ತ ಬಂದದ್ದು. ಚಿಂತೆ, ಭಯ, ಏಕಾಗ್ರತೆಯ ಬಗ್ಗೆ ಸಣ್ಣ ಸಣ್ಣ ಪ್ರಸಂಗಗಳ ಮೂಲಕ ಮಾತಾಡುತ್ತದೆ.

*ವಿಜಯಕ್ಕೆ ಐದು ಮೆಟ್ಟಿಲು:* 'ತುಳಸಿದಳ'ದಂಥ ಮೈ ಜುಮ್ಮೆನ್ನಿಸುವ ಕಾದಂಬರಿ ಬರೆದ ತೆಲುಗು ಲೇಖಕ ಯಂಡಮೂರಿ ವೀರೇಂದ್ರನಾಥ್ ಅವರದು. ಕನ್ನಡದಲ್ಲೂ ಅಷ್ಟೇ ಓದುಗರನ್ನು ಗಳಿಸಿದೆ.

*ಕರುಣಾಳು ಬಾ ಬೆಳಕೆ:* ಡಾ. ಗುರುರಾಜ ಕರಜಗಿ ಅವರ ದಿನಪತ್ರಿಕೆ ಅಂಕಣಗಳ ಸಂಗ್ರಹ. ಒಂದು ಕಥೆಗೆ ಐದು ನಿಮಿಷ ಸಾಕು.

*ಮಂಕುತಿಮ್ಮನ ಕಗ್ಗ:* ಡಿ.ವಿ. ಗುಂಡಪ್ಪನವರ 1943ರ ಕೃತಿ, 945 ಪದ್ಯಗಳು. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷದ ಸಂಗಾತಿ.

ಕೊಳ್ಳುವ ಮೊದಲು ಮೂರು ಪ್ರಶ್ನೆ

ಡೇಲ್ ಕಾರ್ನೆಗಿಯ 1936ರ ಪುಸ್ತಕದಿಂದ ಜೇಮ್ಸ್ ಕ್ಲಿಯರ್‌ನ 2018ರ 'ಅಟಾಮಿಕ್ ಹ್ಯಾಬಿಟ್ಸ್'ವರೆಗೆ ಯಶಸ್ಸಿನ ಪುಸ್ತಕಗಳಿಗೆ ಬೇಡಿಕೆ ಇಳಿದಿಲ್ಲ. ಎಲ್ಲವೂ ಟೊಳ್ಳಲ್ಲ. ಕಾರ್ನೆಗಿಯ ಪುಸ್ತಕ, ಹಗಲು ದುಡಿದು ಸಂಜೆ ತರಗತಿಗೆ ಬರುತ್ತಿದ್ದವರ ಅನುಭವದಿಂದ ಬೆಳೆದದ್ದು. ಕೊಳ್ಳುವ ಮೊದಲು ಇಷ್ಟು ಕೇಳಿಕೊಳ್ಳಿ:

1. ಲೇಖಕ ತಾನು ಸೋತ ಪ್ರಸಂಗವನ್ನೂ ಹೇಳಿದ್ದಾನೆಯೇ? ಗೆಲುವಿನ ಕಥೆಗಳೇ ತುಂಬಿದ್ದರೆ ಅದು ಜಾಹೀರಾತು.

2. ನಾಳೆ ಬೆಳಿಗ್ಗೆಯೇ ಮಾಡಿ ನೋಡಬಹುದಾದ ಒಂದಾದರೂ ಕೆಲಸ ಅದರಲ್ಲಿದೆಯೇ?

3. ನಡುವಿನ ಯಾವುದೋ ಒಂದು ಪುಟ ತೆರೆದು ಓದಿದರೂ ಹೊಸ ವಿಷಯ ಸಿಗುತ್ತದೆಯೇ, ಮೊದಲ ಪುಟದ ಮಾತೇ ಮತ್ತೆ ಬರುತ್ತದೆಯೇ?

ಎಲ್ಲಿ ಸಿಗುತ್ತವೆ, ಹೇಗೆ ಓದಬೇಕು?

ಅಹಮದಾಬಾದ್‌ನಲ್ಲಿ ಎಲ್ಲಿಸ್ ಸೇತುವೆ ಬಳಿಯ ಎಂ.ಜೆ. ಗ್ರಂಥಾಲಯ ಹಳೆಯದು, ದೊಡ್ಡದು. ಗಾಂಧೀಜಿ ಆಶ್ರಮದ ಪುಸ್ತಕಗಳನ್ನು ಕೊಟ್ಟದ್ದು ಇದಕ್ಕೇ. ಭಿಕ್ಷು ಅಖಂಡಾನಂದರು 1907ರಲ್ಲಿ ಶುರು ಮಾಡಿದ 'ಸಸ್ತುಂ ಸಾಹಿತ್ಯ' ಸಂಸ್ಥೆ ಹೆಸರೇ ಹೇಳುವಂತೆ ಅಗ್ಗದ ಬೆಲೆಯ ಒಳ್ಳೆಯ ಪುಸ್ತಕಗಳಿಗೆ ಹೆಸರಾಯಿತು. ಕನ್ನಡ ಪುಸ್ತಕಗಳನ್ನು ಆನ್‌ಲೈನ್ ಮಳಿಗೆಗಳಿಂದ ಗುಜರಾತಿಗೂ ತರಿಸಿಕೊಳ್ಳಬಹುದು. ಊರಿಗೆ ಹೋದಾಗ ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ಬರುವುದಂತೂ ಇದ್ದೇ ಇದೆ.

ಗುಜರಾತಿನಲ್ಲೇ ಬೆಳೆಯುತ್ತಿರುವ ಮಕ್ಕಳಿರುವ ಮನೆಗೆ ಒಂದು ಸಲಹೆ. ಗುಜರಾತಿ ಲಿಪಿ ಹೆಚ್ಚುಕಡಿಮೆ ತಲೆಗೆರೆ ಇಲ್ಲದ ದೇವನಾಗರಿ, ಹಿಂದಿ ಓದಬಲ್ಲವರಿಗೆ ಬೇಗ ಹಿಡಿತಕ್ಕೆ ಬರುತ್ತದೆ. ಆತ್ಮಕಥೆಯ ಒಂದು ಅಧ್ಯಾಯವನ್ನು ಮಗು ಗುಜರಾತಿಯಲ್ಲಿ ಗಟ್ಟಿಯಾಗಿ ಓದಲಿ, ಅದನ್ನೇ ಅಪ್ಪನೋ ಅಮ್ಮನೋ ಕನ್ನಡದಲ್ಲಿ ಓದಲಿ. ಹಿರಿಯರಿಗೆ ಸುತ್ತಲಿನ ಭಾಷೆ ಬರುತ್ತದೆ, ಮಕ್ಕಳಿಗೆ ಮನೆಯ ಭಾಷೆ ಉಳಿಯುತ್ತದೆ. ಎರಡು-ಮೂರು ಪುಟದ ಅಧ್ಯಾಯ, ಹತ್ತು ನಿಮಿಷದ ಕೆಲಸ. ಪಾಳಿ ಯಾವುದೇ ಇರಲಿ, ಅಷ್ಟು ಬಿಡುವು ಮಾಡಿಕೊಳ್ಳಬಹುದು.