ಕಾಡಿಗೆ ರೋಗ: ಹೆಸರು ಒಂದೇ, ಮನೆ ಬೇರೆ ಬೇರೆ

ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಸಂಘದ ಷೇರು, ಸಾಲ, ಲಾಭಾಂಶಗಳ ಲೆಕ್ಕ ಹೇಗೂ ಇದ್ದೇ ಇರುತ್ತದೆ. ಅದರ ಜೊತೆಗೆ, ನಮ್ಮೆಲ್ಲರ ಹೊಲಗದ್ದೆಗೂ ಕರೆಯದೆ ಬರುವ ಒಬ್ಬ ನೆಂಟನ ಚರಿತ್ರೆಯೂ ಇರಲಿ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇವೆ. ಆ ನೆಂಟನೇ ಕಾಡಿಗೆ ರೋಗ.

ಬೆಳಗೊಳ ಸೀಮೆಯ ರೈತ ಬಾಂಧವರಿಗೆ ಇದರ ಗುರುತು ಹೇಳಿಕೊಡಬೇಕಾಗಿಲ್ಲ. ಕಬ್ಬಿನ ಸುಳಿಯಿಂದ ಕರೀ ಚಾಟಿಯಂತೆ ಬಾಗಿ ಬರುತ್ತದೆ. ಮೇಲಿನ ಬೆಳ್ಳಿ ಬಣ್ಣದ ತೆಳುಪೊರೆ ಹರಿದರೆ ಒಳಗೆಲ್ಲ ಕಪ್ಪು ಪುಡಿ. ಚಿಕ್ಕಂದಿನಲ್ಲಿ ಅದನ್ನು ಕಿತ್ತು ಮೀಸೆ ಬರೆದುಕೊಂಡು ಕುಣಿದವರಲ್ಲಿ ನಾವೂ ಸೇರಿದ್ದೇವೆ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಾಣು ಎಂಬುದು ಆಗ ಯಾರಿಗೆ ಗೊತ್ತಿತ್ತು?

ನಮ್ಮ ತಾಲ್ಲೂಕಿನಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆಗಳ ನೀರು ಹಳೆಯದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಜಿಲ್ಲೆಯ ಬೇಸಾಯದ ಚಹರೆಯೇ ಬದಲಾಯಿತು. ಆ ಕಂಪನಿಗಾಗಿ ದುಡಿದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಸ್ವತಃ ಸಸ್ಯರೋಗಗಳ ತಜ್ಞರು. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದವರು. ಕಬ್ಬು ವರ್ಷವಿಡೀ ನಿಂತ ಕಡೆ ಕಬ್ಬಿನ ರೋಗಕ್ಕೂ ವರ್ಷವಿಡೀ ಆಶ್ರಯ ಸಿಗುವುದು ಸಹಜವೇ.

ಕಬ್ಬಿನ ಕಾಡಿಗೆಯ ಮೊದಲ ವರದಿ 1877ರಲ್ಲಿ ದಕ್ಷಿಣ ಆಫ್ರಿಕದ ನೇಟಾಲ್‌ನಿಂದ ಬಂತು. 1924ರಲ್ಲಿ ಸೈಡೋ ಎಂಬ ವಿದ್ವಾಂಸರು ಅದಕ್ಕೆ ಉಸ್ಟಿಲಾಗೊ ಸೈಟಮಿನಿಯ ಎಂದು ನಾಮಕರಣ ಮಾಡಿದರು. 2002ರಲ್ಲಿ ಅದನ್ನು ಸ್ಪೋರಿಸೋರಿಯಮ್ ಎಂಬ ಇನ್ನೊಂದು ಕುಲಕ್ಕೆ ಸೇರಿಸಿದರು. 'ಹೆಸರು ಬದಲಾದ್ರೆ ನಮಗೇನು ಸ್ವಾಮಿ, ರೋಗ ಹೋಯ್ತಾ?' ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ನಮ್ಮ ರಾಗಿಯನ್ನೇ ನೋಡೋಣ.

ರಾಗಿ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಊದಿಕೊಂಡು, ಮೊದಲು ಹಸಿರಾಗಿದ್ದು, ಆಮೇಲೆ ಕಪ್ಪಾಗುತ್ತದೆ. ಇದೂ ಕಾಡಿಗೆಯೇ. ಕರಾವಳಿಯ ಮುಂಡ್ಕೂರಿನ ಹೆಸರು ಹೊತ್ತ ಬಿ. ಬಿ. ಮುಂಡ್ಕೂರ್ ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಎಂ. ಜೆ. ತಿರುಮಲಾಚಾರ್ ಸೇರಿ 1946ರಲ್ಲಿ ಇದನ್ನು ಉಸ್ಟಿಲಾಗೊ ಕುಲದಿಂದ ಬೇರ್ಪಡಿಸಿ ಮೆಲನಾಪ್ಸಿಕಿಯಮ್ ಕುಲಕ್ಕೆ ಸೇರಿಸಿದರು. 1947ರಲ್ಲಿ ಇದೇ ಇಬ್ಬರು, ರಾಗಿಯ ಕಾಡಿಗೆ ಬಿತ್ತನೆ ಬೀಜದಿಂದ ಬರುವುದಲ್ಲ, ಹೂ ಬಿಟ್ಟಾಗ ಗಾಳಿಯಲ್ಲಿ ಬಂದು ಹೂವಿನ ಮೂಲಕ ಒಳಹೊಗುತ್ತದೆ ಎಂದು ತೋರಿಸಿಕೊಟ್ಟರು. 1952ರಲ್ಲಿ ಭಾರತದ ಕಾಡಿಗೆ ಶಿಲೀಂಧ್ರಗಳನ್ನೆಲ್ಲ ವಿಂಗಡಿಸಿದ ಅವರ ಗ್ರಂಥ ಹೊರಬಂತು. ಅದೇ ವರ್ಷ ಮುಂಡ್ಕೂರ್ ತೀರಿಕೊಂಡರು.

ಜೋಳದ ಕಾಳು ಕಾಡಿಗೆಯ ಬಗೆ ಬೇರೆ. ಅದರ ಪುಡಿ ಬೀಜದ ಮೈಗೆ ಅಂಟಿಕೊಂಡು ಬರುತ್ತದೆ. ಗಂಧಕದ ಪುಡಿಯಲ್ಲಿ ಬೀಜ ಹೊರಳಿಸಿದರೆ ಹತೋಟಿಗೆ ಸಿಗುತ್ತದೆ. ಅದೇ ಉಪಾಯವನ್ನು ರಾಗಿಗೆ ಮಾಡಿದರೆ ಖರ್ಚೇ ಹೊರತು ಫಲವಿಲ್ಲ. ಭತ್ತದ ಹುಸಿ ಕಾಡಿಗೆಯಂತೂ ಕಾಡಿಗೆಯ ವಂಶವೇ ಅಲ್ಲ. ಮಳೆಬೆಳೆ ಚೆನ್ನಾದ ವರ್ಷ ಬರುತ್ತದೆಂದು ಅದನ್ನು ಲಕ್ಷ್ಮೀ ರೋಗ ಎಂದೂ ಕರೆಯುವುದುಂಟು. ಕುಲ ತಿಳಿದರೆ ಮನೆ ತಿಳಿಯುತ್ತದೆ, ಮನೆ ತಿಳಿದರೆ ಬಾಗಿಲು ಹಾಕಬಹುದು. ವರ್ಗೀಕರಣದ ಪ್ರಯೋಜನ ಇದೇ.

ಇನ್ನು ಕಬ್ಬಿನ ಕಾಡಿಗೆಯ ಮನೆ ಯಾವುದು? ಬಿತ್ತನೆ ತುಂಡಿನ ಕಣ್ಣು ಮತ್ತು ಕೂಳೆಯ ಬುಡ. ಚಾಟಿಯ ಪುಡಿ ಗಾಳಿಯಲ್ಲಿ ತೇಲಿ ಪಕ್ಕದ ಕಬ್ಬಿನ ಕಣ್ಣಿನ ಮೇಲೆ ಕೂರುತ್ತದೆ. ಅಲ್ಲಿ ಮೊಳೆತ ಮರಿಕೋಶಗಳು ಒಂಟಿಯಾಗಿದ್ದರೆ ಏನೂ ಮಾಡಲಾರವು. ಹೊಂದಿಕೆಯಾಗುವ ಎರಡು ಕೂಡಿದರೆ ಮಾತ್ರ ಗಿಡದೊಳಕ್ಕೆ ನುಗ್ಗುತ್ತವೆ. ಸಹಕಾರ ತತ್ವವನ್ನು ರೋಗವೇ ನಮಗಿಂತ ಮೊದಲು ಕಲಿತಿದೆ ಎನ್ನಬೇಕು! ಹೊಕ್ಕ ಮೇಲೆ ಗಿಡವನ್ನು ಕೂಡಲೇ ಕೊಲ್ಲುವುದಿಲ್ಲ. ಹುಲ್ಲಿನಂಥ ಸಣ್ಣ ತೆಂಡೆ ಹೊರಡಿಸಿ ಸುಳಿಯನ್ನೇ ಚಾಟಿ ಮಾಡಿಬಿಡುತ್ತದೆ. ಬಿಸಿಲು, ಒಣಹವೆ ಇದಕ್ಕೆ ಅನುಕೂಲ. ಒಣ ಮಣ್ಣಿನಲ್ಲಿ ಪುಡಿ ಬಹುಕಾಲ ಬದುಕುತ್ತದೆ, ತೇವವಿದ್ದರೆ ಬೇಗ ಸಾಯುತ್ತದೆ.

ಇದರ ಉಪಾಯಗಳು ಹೊಸವೇನಲ್ಲ. ರೋಗವಿಲ್ಲದ ತಾಕಿನ ಬಿತ್ತನೆ ತರಬೇಕು. ಅನುಕೂಲವಿದ್ದ ಕಡೆ ತುಂಡುಗಳನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಎರಡು ಗಂಟೆ ಉಪಚರಿಸಬೇಕು. ಚಾಟಿ ಕಂಡಾಗ ಪೊರೆ ಹರಿಯುವ ಮೊದಲೇ ಗೋಣಿಚೀಲ ಮುಚ್ಚಿ ಕತ್ತರಿಸಿ, ಬುಡಸಮೇತ ಅಗೆದು ಸುಡಬೇಕು. ರೋಗ ಹೆಚ್ಚಿದ ತಾಕಿನಲ್ಲಿ ಕೂಳೆ ಬಿಡಲೇಬಾರದು.

ಕಷ್ಟ ಇರುವುದು ಈ ಕೊನೆಯ ಮಾತಿನಲ್ಲೇ. 'ಇದೊಂದು ಕೂಳೆ ಆಗ್ಲಿ, ಮುಂದಿನ ವರ್ಷ ನೋಡಾನ' ಅನ್ನೋ ಆಸೆ ಯಾರಿಗಿಲ್ಲ? ಹೊಸ ನಾಟಿಗೆ ಬಿತ್ತನೆ, ಉಳುಮೆ, ಕೂಲಿ ಎಲ್ಲಕ್ಕೂ ದುಡ್ಡು ಬೇಕು. ಆದರೆ ಒಬ್ಬನ ಕೂಳೆ ಉಳಿದರೆ ಹತ್ತು ಜನರ ಹೊಸ ಕಬ್ಬಿಗೆ ಪುಡಿ ಬೀಳುತ್ತದೆ. ಬದುವಿಗೆ ಬೇಲಿ ಹಾಕಬಹುದು, ಗಾಳಿಗೆ ಹಾಕಲಾದೀತೆ?

ಆದುದರಿಂದ ನಮ್ಮದೊಂದು ವಿನಂತಿ. ರೋಗದ ಕೂಳೆ ಅಗೆದು ತೆಗೆಯುವ ಸದಸ್ಯರಿಗೆ ಬಿತ್ತನೆ ಸಾಲದಲ್ಲಿ ಮೊದಲ ಅವಕಾಶ ಕೊಡುವ ವಿಚಾರವನ್ನು ಸಂಘದ ಆಡಳಿತ ಮಂಡಳಿ ಮುಂದಿನ ಸಭೆಯಲ್ಲಿ ಚರ್ಚಿಸಲಿ. ಊರಿನವರೆಲ್ಲ ಒಂದೇ ವಾರದಲ್ಲಿ ಚಾಟಿ ಕತ್ತರಿಸಲಿ. ಸಾಲ ಕೊಟ್ಟು ವಸೂಲು ಮಾಡುವುದಷ್ಟೇ ಸಹಕಾರವಲ್ಲ, ನೆರೆಯವನ ಬೆಳೆ ಕಾಯುವುದೂ ಸಹಕಾರವೇ. ಹಾಂ, ಮಕ್ಕಳಿಗೂ ಒಂದು ಮಾತು: ಮೀಸೆ ಬರೆದುಕೊಳ್ಳಲು ಅಡುಗೆಮನೆಯ ಇದ್ದಿಲೇ ಸಾಕು.