ಸತ್ಯನ್, ಟಿ.ಎಸ್. (1923–2009)

ಮೈಸೂರಿನಲ್ಲಿ ಹುಟ್ಟಿ, ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿದ ಛಾಯಾಗ್ರಾಹಕ; ಭಾರತೀಯ ಫೋಟೊ ಪತ್ರಿಕೋದ್ಯಮದ ಮೊದಲ ತಲೆಮಾರಿನವರು. ಡೆಕ್ಕನ್ ಹೆರಾಲ್ಡ್ ಮತ್ತು ಇಲಸ್ಟ್ರೇಟೆಡ್ ವೀಕ್ಲಿಗಳಲ್ಲಿ ದುಡಿದ ಮೇಲೆ ಸ್ವತಂತ್ರ ವೃತ್ತಿ ಹಿಡಿದರು. ಚಿತ್ರಗಳು ಲೈಫ್ ಪತ್ರಿಕೆಯವರೆಗೂ ಹೋದವು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯನ್ನು ದಾಖಲಿಸಿದರು. 1977ರಲ್ಲಿ ಪದ್ಮಶ್ರೀ. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿಸಿತು.

ಭಾವಚಿತ್ರಗಳಲ್ಲಿ ಹೆಚ್ಚು ನೆನಪಾಗುವವು ಗೆಳೆಯ, ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರವು. ಸ್ಟುಡಿಯೊದ ಪರದೆ, ಬಿಗಿದ ಭಂಗಿ ಯಾವುದೂ ಇಲ್ಲ. ಮೈಸೂರಿನ ಬೀದಿಯಲ್ಲಿ ಮಾಲ್ಗುಡಿಯ ಕರ್ತೃ ಪಕ್ಕದ ಮನೆಯ ಹಿರಿಯರಂತೆ ಸಿಗುತ್ತಾರೆ. ಕಪ್ಪು-ಬಿಳುಪಿನಲ್ಲೇ ಸತ್ಯನ್ ಅವರ ಕಣ್ಣು ಹೆಚ್ಚು ಚುರುಕು ಎನ್ನಬೇಕು. ‘ಅಲೈವ್ ಅಂಡ್ ಕ್ಲಿಕಿಂಗ್’ (2005) ಅವರ ಆತ್ಮಕಥನ.